ಬೇಗೂರಿನ ತಿಥಿಗೆ ಉಪ್ಪು ಹಾಕಿದ್ದು

ಹನುಮಂತನಗರದಿಂದ ಬೇಗೂರಿಗೆ ಹೋಗಿಬಂದದ್ದನ್ನು ಪ್ರವಾಸವೆಂದು ಬರೆದರೆ ನಗುವವರು ನಗಲಿ. ಹದಿನೈದು ಹದಿನಾರು ಕಿಲೋಮೀಟರ್ ದಾರಿ, ಒಂದು ರಾತ್ರಿಯ ವಾಸ. ಊರು ದಾಟಿದ ಹಾಗೂ ಆಗಲಿಲ್ಲ. ನಮ್ಮ ಬೀದಿಯಲ್ಲಿ ಕಾಶಿ, ಬದರಿ, ಸಿಂಗಾಪುರ ಎಲ್ಲ ನೋಡಿಬಂದವರಿದ್ದಾರೆ, ಅವರ ಫೋಟೋಗಳನ್ನು ನಾನು ಮೆಚ್ಚಿಕೊಂಡೇ ನೋಡಿದ್ದೇನೆ. ಆದರೂ ಜನವರಿ ಕೊನೆಯ ಆ ಎರಡು ದಿನಗಳಲ್ಲಿ ನಾನು ಹೋದಷ್ಟು ದೂರ ಅವರು ಯಾರೂ ಹೋಗಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನನ್ನ ಹೆಸರು ಜಯ. ನಾನು ಮತ್ತು ನನ್ನ ಸೋದರತ್ತೆ ಪದ್ಮಾವತಿ, ಮನೆಯವರ ಬಾಯಲ್ಲಿ ಪದ್ದತ್ತೆ, ಮನೆಮನೆಗೆ ಹೋಗಿ ತಿಥಿಯ ಅಡುಗೆ ಮಾಡುತ್ತೇವೆ. ತೀರಿಕೊಂಡ ಹಿರಿಯರಿಗೆ ವರ್ಷಕ್ಕೊಮ್ಮೆ ಮಾಡುವ ಶ್ರಾದ್ಧದ ಅಡುಗೆ. ಮದುವೆ ಅಡುಗೆಗೆ ಬೇಕಾದಷ್ಟು ಕಂಟ್ರಾಕ್ಟರುಗಳಿದ್ದಾರೆ. ಮಡಿಯುಟ್ಟು ತಿಥಿ ಅಡುಗೆಗೆ ನಿಲ್ಲುವವರು ಕಡಿಮೆ. ಪಿಯುಸಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಇರಲಿ ಎಂದು ಅತ್ತೆಯ ಪಕ್ಕದಲ್ಲಿ ತರಕಾರಿ ಹೆಚ್ಚಲು ಕೂತವಳು ನಾನು. ಇಪ್ಪತ್ತು ವರ್ಷದ ಮೇಲಾಯಿತು, ಹೆಚ್ಚುತ್ತಲೇ ಇದ್ದೆ. ಬೇರೆ ಕೆಲಸ ಹುಡುಕುವುದನ್ನು ಯಾವ ವರ್ಷ ಬಿಟ್ಟೆನೋ ನೆನಪಿಲ್ಲ.

ಈ ಅಡುಗೆಗೆ ಅದರದೇ ಕಟ್ಟುಗಳಿವೆ. ಮಾಡುವವರು ರುಚಿ ನೋಡುವ ಹಾಗಿಲ್ಲ. ಪಿತೃಗಳಿಗೆ ಬಡಿಸುವ ಮೊದಲು ಒಂದು ಅಗುಳೂ ಯಾರ ನಾಲಿಗೆಗೂ ತಾಗಬಾರದು. ಪಿತೃಗಳ ಸ್ಥಾನದಲ್ಲಿ ಊಟಕ್ಕೆ ಕೂತ ಬ್ರಾಹ್ಮಣರು ಮಾತಾಡದೆ ಉಣ್ಣಬೇಕು. ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎನ್ನಲೂಬಾರದು. ಆ ದಿನ ಎಲೆಗೆ ಉಪ್ಪು ಬಡಿಸುವುದೂ ಇಲ್ಲ, ಹಾಗಾಗಿ ಕಡಿಮೆಯಾಗಿದ್ದರೆ ಉಣ್ಣುವವರು ಕಲಸಿಕೊಳ್ಳಲು ದಾರಿಯಿಲ್ಲ. ಇವಿಷ್ಟಕ್ಕೆ ಪದ್ದತ್ತೆ ತಾವೇ ಇನ್ನೊಂದನ್ನು ಸೇರಿಸಿದ್ದರು: ಒಂದು ಅಡುಗೆಮನೆಯಲ್ಲಿ ಉಪ್ಪು ಹಾಕುವ ಕೈ ಒಂದೇ ಇರಬೇಕು. ಎರಡಾದರೆ ಅವರು ಹಾಕಿದ್ದಾರೆಂದು ಇವರು ಬಿಡುತ್ತಾರೆ, ಇಲ್ಲವೇ ಇಬ್ಬರೂ ಹಾಕುತ್ತಾರೆ. ಆ ಒಂದು ಕೈ ಅತ್ತೆಯದು. ನಾನು ಹೆಚ್ಚುತ್ತಿದ್ದೆ, ರುಬ್ಬುತ್ತಿದ್ದೆ, ಕುದಿಸುತ್ತಿದ್ದೆ. ಉಪ್ಪಿನ ಹೊತ್ತಿಗೆ ಒಲೆ ಬಿಟ್ಟು ಸರಿದು ನಿಲ್ಲುತ್ತಿದ್ದೆ.

ಹೋದ ವರ್ಷದಿಂದ ನಮ್ಮನ್ನು ಕರೆಯುವ ಮನೆಗಳು ಒಂದೊಂದಾಗಿ ಕಡಿಮೆಯಾದವು. ಯಾರೂ ಕಾರಣ ಹೇಳಲಿಲ್ಲ. ತಿಥಿಯ ಊಟದ ಬಗ್ಗೆ ಹೇಗೂ ಯಾರೂ ಏನೂ ಹೇಳುವುದಿಲ್ಲ. ಮುಂದಿನ ವರ್ಷ ಫೋನ್ ಬಂದರೆ ಚೆನ್ನಾಗಿತ್ತು ಎಂದು ಅರ್ಥ, ಬರದಿದ್ದರೆ ಇಲ್ಲ ಎಂದು ಅರ್ಥ. ನಮ್ಮ ಕಸುಬಿನ ತೀರ್ಪು ಬರುವುದಕ್ಕೆ ಒಂದು ವರ್ಷ ಬೇಕು. ಕಾರಣ ನನಗೆ ಗೊತ್ತಿತ್ತು. ಅತ್ತೆಗೆ ಎಪ್ಪತ್ತು ದಾಟಿದೆ, ಅವರ ಕೈಯ ಉಪ್ಪು ಏರಿಬಿಟ್ಟಿತ್ತು. ಮನೆಯ ಸಾರೇ ಗಂಟಲು ಕೆರೆಯುತ್ತಿತ್ತು. ನಾನು ಮಜ್ಜಿಗೆ ಸುರಿದುಕೊಂಡು ಉಂಡು ಏಳುತ್ತಿದ್ದೆ. ಉಪ್ಪಿನ ವಿಷಯ ಮಾತಾಡಲು ನಾನು ಯಾರು ಎಂಬ ಭಾವ.

ಹೀಗಿರುವಾಗ ಶ್ರೀನಿವಾಸಮೂರ್ತಿಗಳ ಫೋನ್ ಬಂತು. ಅವರು ಮೊದಲು ನಮ್ಮ ಹನುಮಂತನಗರದವರೇ, ಈಗ ಬೇಗೂರಿನಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅವರ ತಂದೆಯ ತಿಥಿಗೆ ಪ್ರತಿ ವರ್ಷವೂ ನಾವೇ. ಈ ಸಲದ್ದು ಅವರ ತಾಯಿಯ ಮೊದಲ ವರ್ಷದ ತಿಥಿ. ಅತ್ತೆ ಫೋನಿನಲ್ಲಿ, "ನಂಗೆ ಮಂಡಿ ಹಿಡ್ಕೊಂಡಿದೆ ಮೂರ್ತಿಗಳೇ. ಜಯ ಒಬ್ಬಳೇ ಬರ್ತಾಳೆ, ಎಲ್ಲಾ ಮಾಡ್ತಾಳೆ" ಎಂದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

"ಅತ್ತೆ, ಉಪ್ಪು?" ಎಂದೆ.

"ಕೈ ಇಲ್ವೇನೇ ನಿಂಗೆ?" ಎಂದು ಒಳಗೆ ಹೋದರು.

ಹಳೆಯ ಮನೆಗಳಲ್ಲಿ ನಮಗೆ ಉಳಿದದ್ದು ಅದೊಂದೇ. ಅದನ್ನು ಕೆಡಿಸಿಕೊಂಡರೆ ಇಬ್ಬರೂ ಮನೆಯಲ್ಲಿ ಕೂರಬೇಕಾಗಿತ್ತು. ನನ್ನ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ನಾನು ಹೆಚ್ಚುವವಳು ಮಾತ್ರವೋ, ಅಡುಗೆಯವಳೂ ಹೌದೋ ಎನ್ನುವುದು ಅಲ್ಲಿ ಗೊತ್ತಾಗಿಬಿಡುತ್ತಿತ್ತು. ಗೊತ್ತಾಗದೆ ಇದ್ದರೇ ಒಳ್ಳೆಯದು ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೆ.

ತಿಥಿಯ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಹೊರಟೆ. ಕೈಯಲ್ಲಿ ಎರಡು ಚೀಲ, ಮಡಿ ಸೀರೆಯ ಗಂಟು, ನಮ್ಮ ಮನೆಯ ಈಳಿಗೆಮಣೆ. ಬೇರೆ ಮನೆಯ ಈಳಿಗೆ ನನ್ನ ಕೈಗೆ ಹೊಂದುವುದಿಲ್ಲ. ಅತ್ತೆ ಬಾಗಿಲವರೆಗೂ ಬಂದರು. ಏನಾದರೂ ಹೇಳಿಯಾರು, ಒಂದು ಹಿಡಿ, ಒಂದೂವರೆ ಹಿಡಿ ಎಂದು ಲೆಕ್ಕವನ್ನಾದರೂ ಕೊಟ್ಟಾರು ಎಂದು ಮೆಟ್ಟಿಲ ಮೇಲೆ ಬೇಕೆಂದೇ ಚಪ್ಪಲಿ ಸರಿಮಾಡಿಕೊಳ್ಳುತ್ತ ನಿಂತೆ. ಅವರು, "ಬಸ್ಸಲ್ಲಿ ಈಳಿಗೆ ಯಾರಿಗೂ ತಾಗಿಸ್ಬೇಡ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು.

ಮೊದಲ ಬಸ್ಸು ಜಯನಗರದವರೆಗೆ. ಹೆಂಗಸರು ಈಗ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ, ಕಂಡಕ್ಟರು ಚೀಟಿ ಹರಿದು ಕೈಗಿಟ್ಟರು. ಬಿಸಿಲು ಚುರುಕಾಗಿತ್ತು, ಗಾಳಿಯಲ್ಲಿ ಮಾತ್ರ ಇನ್ನೂ ಚಳಿಯ ನೆನಪು. ಸೌತ್ ಎಂಡ್ ದಾಟಿದ ಮೇಲೆ ರಸ್ತೆಯ ಪಕ್ಕ ಗುಲಾಬಿ ಬಣ್ಣದ ಹೂಮರಗಳು ಒಂದೂ ಎಲೆಯಿಲ್ಲದೆ ಅರಳಿ ನಿಂತಿದ್ದವು. ಈಳಿಗೆಮಣೆಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಅವನ್ನೇ ನೋಡುತ್ತ ಹೋದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಈಳಿಗೆಯನ್ನೂ ನನ್ನನ್ನೂ ನೋಡಿ ಕಿಟಕಿಯ ಕಡೆ ಸರಿದುಕೊಂಡಳು.

ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಕಾಲ. ರಾಶಿ ಹಾಕಿಕೊಂಡು ಕೂತವರ ನಡುವೆ ಸೊಗಡಿನ ವಾಸನೆ ಮೂಗಿಗೆ ಅಡರುತ್ತಿತ್ತು. ನನಗೆ ಬೇಕಿದ್ದದ್ದು ಬಾಳೆಕಾಯಿ, ಹಾಗಲಕಾಯಿ, ಬೂದುಗುಂಬಳ, ಕುಡಿ ಬಾಳೆ ಎಲೆ. ನಾವು ಯಾವಾಗಲೂ ತರಕಾರಿ ತೆಗೆದುಕೊಳ್ಳುವ ರತ್ನಮ್ಮ ನನ್ನ ಹಿಂದೆ ಮುಂದೆ ಇಣುಕಿ ನೋಡಿದಳು.

"ದೊಡ್ಡಮ್ಮನೋರು ಎಲ್ಲಕ್ಕಾ?"

"ಬಂದಿಲ್ಲ. ನಾನೊಬ್ಬಳೇ."

"ಸರಿ, ಹಂಗಾರೆ ನೀವೇ ಆರಿಸ್ಕೊಳಿ."

ಇಷ್ಟು ವರ್ಷ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತದ್ದೇ ನನ್ನ ಮಾರ್ಕೆಟ್ಟಿನ ಕೆಲಸ. ಬಾಳೆಕಾಯಿಯನ್ನು ಅತ್ತೆಯ ಹಾಗೆ ಉಗುರಿನಿಂದ ಕೆರೆದು ನೋಡಿದೆ. ಕೆರೆದ ಮೇಲೆ ಏನು ನೋಡಬೇಕೆಂದು ಹೊಳೆಯಲಿಲ್ಲ. ರತ್ನಮ್ಮ ನಗು ತಡೆದುಕೊಂಡು, "ಎಳೇದು ತಗೊಳಿ ಅಕ್ಕಾ, ಅದರಲ್ಲೇನು ಪರೀಕ್ಷೆ" ಎಂದಳು. ಎಲೆ ಕಟ್ಟಿನ ಮುದುಕ, "ಶುಭಕ್ಕೋ, ತಿಥಿಗೋ?" ಎಂದು ಕೇಳಿ, ತಿಥಿಗೆ ಎಂದಮೇಲೆ ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಹತ್ತು ರೂಪಾಯಿ ಇಳಿಸಿದ. ಸತ್ತವರಿಗೆ ಆ ಮಾರ್ಕೆಟ್ಟಿನಲ್ಲಿ ಇನ್ನೂ ಮರ್ಯಾದೆ ಇದೆ.

ಅಲ್ಲಿಂದ ಗೊಟ್ಟಿಗೆರೆಯ ಬಸ್ಸು. ಜೆ.ಪಿ. ನಗರದ ಮೂಲಕ ಬನ್ನೇರುಘಟ್ಟ ರಸ್ತೆ ಹಿಡಿದ ಬಸ್ಸು ಅರೆಕೆರೆ ಹತ್ತಿರ ನಿಂತದ್ದು ನಿಂತೇಬಿಟ್ಟಿತು. ಮೆಟ್ರೋ ಕೆಲಸ, ಅಗೆದ ಮಣ್ಣು, ಎತ್ತಿ ನಿಲ್ಲಿಸಿದ ಕಂಬಗಳು. ಡ್ರೈವರು ಎಂಜಿನ್ ಆರಿಸಿ ಕೂತ. ಯಾರೂ ಬೈಯಲಿಲ್ಲ, ಎಲ್ಲರೂ ಫೋನ್ ತೆಗೆದರು. ನಾನು ಕಣ್ಣು ಮುಚ್ಚಿ ಮರುದಿನದ ಅಡುಗೆಯನ್ನು ಮನಸ್ಸಿನಲ್ಲೇ ಮಾಡುತ್ತ ಹೋದೆ. ಮಜ್ಜಿಗೆಹುಳಿಗೆ ಬೂದುಗುಂಬಳ ಬೇಯುವುದು ಕಂಡಿತು, ಕಾಯಿ ರುಬ್ಬಿದ್ದು ಕಂಡಿತು, ಸಾರಿಗೆ ಮೆಣಸು ಕುಟ್ಟಿದ್ದು ಕಂಡಿತು. ಉಪ್ಪಿನ ಡಬ್ಬಿಯ ಹತ್ತಿರ ಬಂದಾಗ ಪ್ರತಿ ಸಲವೂ ಅಲ್ಲಿ ಅತ್ತೆಯ ಬೆನ್ನು ಕಾಣುತ್ತಿತ್ತು. ಆ ಬೆನ್ನಿನ ಆಚೆ ಅವರು ಏನು ಮಾಡುತ್ತಿದ್ದರೆಂದು ಇಣುಕಿ ನೋಡಿದ ನೆನಪೇ ನನಗಿರಲಿಲ್ಲ.

ಗೊಟ್ಟಿಗೆರೆಯಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಬೇಗೂರಿಗೆ ಆಟೋದವನು ನೂರೈವತ್ತು ಕೇಳಿದ, ನೂರಿಪ್ಪತ್ತಕ್ಕೆ ಒಪ್ಪಿದ. ಐವತ್ತರ ಆಸುಪಾಸಿನ, ಬಿಳಿ ಮೀಸೆಯ ಮನುಷ್ಯ. ದಾರಿಯುದ್ದಕ್ಕೂ ಅವನ ಬಾಯಿ ಸುಮ್ಮನಿರಲಿಲ್ಲ.

"ಮೇಡಂ, ಅಗೋ ಎಂಟನೇ ಫ್ಲೋರಲ್ಲಿ ಸೀರೆ ಒಣಗಾಕವ್ರಲ್ಲ, ಅಲ್ಲೇ ನಮ್ಮ ಹುಣಸೆಮರ ಇದ್ದಿದ್ದು."

"ಎಂಟನೇ ಫ್ಲೋರಲ್ಲಾ?"

"ಅದರ ಬುಡದಾಗೆ ಮೇಡಂ, ನೀವೊಬ್ರು! ಜಮೀನು ಹೋಯ್ತು. ಈಗ ಮೂರು ಮನೆ ಬಾಡಿಗೆಗೆ ಬಿಟ್ಟಿದೀನಿ."

"ಮತ್ತೆ ಆಟೋ ಯಾಕೆ ಓಡಿಸ್ತೀರಿ?"

"ಬಾಡಿಗೆ ಎಣಿಸ್ಕೊಂಡು ಜಗಲಿ ಮೇಲೆ ಎರಡು ವರ್ಷ ಕೂತಿದ್ದೆ ಮೇಡಂ. ಆಮೇಲೆ ಎದ್ದು ಗೇಟಿನ್ ತಂಕ ಹೋಗಕ್ಕೂ ಭಯ ಆಗೋದು. ಯಾರ್ಗೂ ಹೇಳ್ಳಿಲ್ಲ. ಒಂದಿನ ಹೋಗಿ ಆಟೋ ತಂದ್ಬಿಟ್ಟೆ" ಎಂದ. ಇಳಿಯುವಾಗ ನೂರೈವತ್ತನ್ನೇ ಕೊಟ್ಟೆ. ಅವನು ಒಪ್ಪಿದ್ದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಟ್ಟ.

ಮೂರ್ತಿಗಳ ಮನೆ ಕೆರೆಗೆ ಹತ್ತಿರ. ಅವರೂ ಅವರ ಹೆಂಡತಿ ಗೀತಾ ಅವರೂ ಗೇಟಿಗೇ ಬಂದು ಚೀಲಗಳನ್ನು ತೆಗೆದುಕೊಂಡರು. ಅರವತ್ತರ ಮೂರ್ತಿಗಳು ಮೊದಲೇ ಮಾತು ಕಡಿಮೆ, ತಾಯಿ ಹೋದ ಮೇಲೆ ಇನ್ನೂ ಕಡಿಮೆಯಾದಂತೆ ಕಂಡರು. "ಅಮ್ಮನಿಗೆ ಪದ್ದಮ್ಮನೋರ ಮಜ್ಜಿಗೆಹುಳಿ ಅಂದ್ರೆ ಪ್ರಾಣ. ಅಪ್ಪನ ತಿಥಿ ದಿನ ಅದಕ್ಕೇ ಕಾಯೋಳು" ಎಂದರು. ನನಗೆ ಧೈರ್ಯ ಬರಲಿ ಎಂದು ಹೇಳಿದ್ದು ಅದು. ಇದ್ದ ಚೂರು ಧೈರ್ಯವೂ ಅಲ್ಲಿಗೆ ಮುಗಿಯಿತು.

ಕತ್ತಲಾಗುವ ಮೊದಲು ನಾಗೇಶ್ವರನ ಗುಡಿಗೆ ಹೋಗಿಬಂದೆ. ಹೊರಗಿನ ಗೋಪುರಕ್ಕೆ ಬಣ್ಣವಿದೆ, ಒಳಗಿನದು ಹಳೆಯ ಕಲ್ಲು. ಕಂಬಕ್ಕೆ ಒರಗಿದರೆ ಬೆನ್ನಿಗೆ ತಂಪು ಹತ್ತಿತು. ಪ್ರಾಕಾರದಲ್ಲಿ ಜನ ಹೆಚ್ಚಿರಲಿಲ್ಲ. ದೇವರಲ್ಲಿ ಬೇಡಿಕೊಳ್ಳೋಣವೆಂದು ನಿಂತವಳಿಗೆ ಬೇಡುವುದು ಏನೆಂದು ತಿಳಿಯಲಿಲ್ಲ. ಉಪ್ಪು ಸರಿಯಾಗಲಿ ಎಂದು ಕೇಳುವುದೇ? ನಾಳೆ ಬೆಳಗಾಗದಿರಲಿ ಎಂದು ಕೇಳುವ ಮನಸ್ಸಾಯಿತು. ಹಾಗೆ ಕೇಳಬಾರದೆಂದು ಸುಮ್ಮನೆ ಕೈ ಮುಗಿದು, ಕೆರೆಯ ಏರಿಯ ಮೇಲೆ ಷೂ ಹಾಕಿಕೊಂಡು ನಡೆಯುವವರ ನಡುವೆ ಚಪ್ಪಲಿ ಎಳೆಯುತ್ತ ಬಂದುಬಿಟ್ಟೆ.

ಬೆಳಿಗ್ಗೆ ಬೇಗ ಎದ್ದು ತಣ್ಣೀರು ಸ್ನಾನ ಮಾಡಿ ಮಡಿಯುಟ್ಟೆ. ತೊಳೆದ ಅಡುಗೆಮನೆ, ತೊಳೆದ ಒಲೆ, ಹಿತ್ತಾಳೆಯ ಪಾತ್ರೆಗಳು. ಮಡಿಯಲ್ಲಿ ಇಲ್ಲದವರು ಹೊಸಿಲು ದಾಟುವ ಹಾಗಿಲ್ಲವಾದ್ದರಿಂದ ಗೀತಾ ಅವರು ಹೊರಗೇ ನಿಂತು ಬೇಕುಬೇಡ ಕೇಳುತ್ತಿದ್ದರು. ನನ್ನ ಫೋನು ನಡುಮನೆಯಲ್ಲಿ ಚೀಲದೊಳಗಿತ್ತು. ಮಡಿಯಲ್ಲಿ ಅದನ್ನು ಮುಟ್ಟುವಂತಿಲ್ಲ. ಕೆಲಸ ಶುರುವಾದ ಮೇಲೆ ಭಯ ಇಳಿಯಿತು. ಬಾಳೆಕಾಯಿ ಹೆಚ್ಚಿದೆ, ಹಾಗಲಕಾಯಿಗೆ ಹುಣಸೆಹಣ್ಣು ಬೆಲ್ಲ ಕೂಡಿಸಿದೆ, ಎಳ್ಳುಂಡೆ ಕಟ್ಟಿದೆ, ವಡೆಗೆ ರುಬ್ಬಿದೆ. ಈ ಕೈಗಳಿಗೆ ಎಲ್ಲವೂ ಗೊತ್ತಿತ್ತು. ಒಲೆಯ ನಾಲ್ಕೂ ಉರಿಗಳ ಮೇಲೆ ಪಾತ್ರೆಗಳು ಕುದಿಯತೊಡಗಿದವು. ಹೊರಗೆ ಪುರೋಹಿತರು ಮಂತ್ರ ಶುರುಮಾಡಿದ್ದರು, ಮೂರ್ತಿಗಳ ಸಣ್ಣ ದನಿ ಅವರ ಹಿಂದೆ ಹಿಂದೆ ಬರುತ್ತಿತ್ತು.

ಆಗ ಆದದ್ದನ್ನು ಬರೆಯಲು ನನಗೆ ಇವತ್ತಿಗೂ ನಾಚಿಕೆ. ಮಜ್ಜಿಗೆಹುಳಿ ಕುದಿಗೆ ಬಂತು, ಸಾರು ಬಂತು, ಪಲ್ಯ ಬೆಂದಿತು. ನಾನು ಸೌಟು ಕೆಳಗಿಟ್ಟು, ಒಲೆ ಬಿಟ್ಟು, ಗೋಡೆಯ ಕಡೆ ಸರಿದು ನಿಂತೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಯುತ್ತ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮಜ್ಜಿಗೆಹುಳಿ ಉಕ್ಕಿ ಅಂಚಿಗೆ ಬಂದಿತ್ತು, ಇನ್ನೊಂದು ಕ್ಷಣ ಬಿಟ್ಟಿದ್ದರೆ ಒಡೆದೇ ಹೋಗುತ್ತಿತ್ತು.

"ಯಾಕೆ ಜಯಾ, ಹಾಗೆ ನಿಂತ್ಬಿಟ್ರಿ? ಏನಾದ್ರೂ ಬೇಕಿತ್ತಾ?" ಹೊಸಿಲಾಚೆಯಿಂದ ಗೀತಾ ಅವರ ದನಿ.

"ಅತ್ತೆ ಬಂದು ಉಪ್ಪು..." ಎಂದವಳು ನಿಲ್ಲಿಸಿದೆ.

ಆಡಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಗೀತಾ ಅವರ ಮುಖದಲ್ಲಿ ಕನಿಕರ ಕಂಡಿತು, ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು. ಓಡಿಹೋಗಿ ಉರಿ ತಗ್ಗಿಸಿದೆ. ಉಪ್ಪಿನ ಬಟ್ಟಲು ಒಲೆಯ ಪಕ್ಕದಲ್ಲೇ ಇತ್ತು, ನಾನೇ ತುಂಬಿಟ್ಟದ್ದು. ಹಿಡಿ ತೆಗೆದೆ. ಅರ್ಧ ವಾಪಸು ಬಿತ್ತು. ಉಳಿದದ್ದನ್ನೂ ವಾಪಸು ಹಾಕಿದೆ. ಮತ್ತೆ ತೆಗೆದೆ.

ಕುದಿಯುವುದರ ಮೇಲೆ ಮುಖ ಬಗ್ಗಿಸಿದೆ. ಇಪ್ಪತ್ತು ವರ್ಷ ಇದೇ ಹಬೆಯಲ್ಲಿ ನಿಂತಿದ್ದೇನೆ. ಉಪ್ಪು ಬೀಳುವ ಮೊದಲು ಹುಳಿಯ ವಾಸನೆ ಮೂಗಿಗೆ ಚುಚ್ಚುತ್ತದೆ, ಬಿದ್ದು ಬೆರೆತ ಮೇಲೆ ಅದರ ಮೊನೆ ಮುರಿದು ವಾಸನೆ ದುಂಡಗಾಗುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನನಗೆ ಇದು ಗೊತ್ತಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಹಾಕಿದೆ, ತಿರುಗಿಸಿದೆ, ಮೂಸಿದೆ. ಇನ್ನೂ ಚುಚ್ಚಿತು. ಇನ್ನರ್ಧ ಹಿಡಿ ಹಾಕಿದೆ. ಅಲ್ಲಿಗೆ ಸಾಕೆನ್ನಿಸಿತು. ಅನ್ನಿಸಿದ್ದು ಸರಿಯೋ ತಪ್ಪೋ ಕೇಳಲು ಯಾರೂ ಇರಲಿಲ್ಲ. ಸಾರಿಗೆ ಹಾಕಿದೆ, ಗೊಜ್ಜಿಗೆ ಹಾಕಿದೆ, ಬಿಸಿಯಿದ್ದ ಪಲ್ಯಕ್ಕೆ ಉದುರಿಸಿ ಮಗುಚಿದೆ. ಮಂತ್ರದ ದನಿ ಹೊರಗೆ ಏರುತ್ತಿತ್ತು, ಎಲೆ ಹಾಕುವ ಹೊತ್ತು ಬಂದಿತ್ತು.

ಬಡಿಸಿದ ಮೇಲೆ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಬ್ರಾಹ್ಮಣರು ಇಬ್ಬರು, ಒಬ್ಬರು ವಯಸ್ಸಾದವರು, ಒಬ್ಬರು ನಡುವಯಸ್ಸಿನವರು. ಹಿರಿಯರು ಹುಳಿ ಕಲಸಿದ ಮೊದಲ ತುತ್ತಿಗೇ ನೀರಿನ ಲೋಟಕ್ಕೆ ಕೈ ಹಾಕಿದರು. ಉಪ್ಪು ಜಾಸ್ತಿಯಾಯಿತು ಎಂದುಕೊಂಡೆ. ಆಮೇಲೆ ಪಾಯಸಕ್ಕೂ ನೀರು ಕುಡಿದರು, ವಡೆಗೂ ಕುಡಿದರು. ಅವರಿಗೆ ನೀರು ಕುಡಿಯುವ ಅಭ್ಯಾಸವೆಂದು ಸಮಾಧಾನ ಮಾಡಿಕೊಂಡೆ. ಇನ್ನೊಬ್ಬರು ಸಾರಿಗೆ ಮತ್ತೊಮ್ಮೆ ಎಲೆ ತೋರಿಸಿದರು, ಮೂರ್ತಿಗಳು ಹುಳಿ ತಂದಾಗ ಕೈ ಅಡ್ಡ ಹಿಡಿದರು. ಹುಳಿ ಉಪ್ಪಾಗಿತ್ತೇ, ಹೊಟ್ಟೆ ತುಂಬಿತ್ತೇ? ಮುಖಗಳಲ್ಲಿ ಏನೂ ಇರಲಿಲ್ಲ. ಕೊನೆಯಲ್ಲಿ ಮೂರ್ತಿಗಳು ಕೈ ಮುಗಿದು, ತೃಪ್ತಿಯಾಯಿತೇ ಎಂದು ಮಂತ್ರದಲ್ಲಿ ಕೇಳಿದರು. ತೃಪ್ತಿಯಾಯಿತು ಎಂದು ಅವರು ಮಂತ್ರದಲ್ಲೇ ಹೇಳಿದರು. ಆ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಉಪ್ಪೇ ಹಾಕದಿದ್ದರೂ ಅದೇ ಉತ್ತರ ಬರುತ್ತಿತ್ತು.

ಮನೆಯವರು, ನೆಂಟರು ಎಲ್ಲರ ಊಟ ಮುಗಿದ ಮೇಲೆ ಅಡುಗೆಯವರ ಎಲೆ. ಖಾಲಿಯಾದ ನಡುಮನೆಯಲ್ಲಿ ಒಬ್ಬಳೇ ಕೂತೆ. ಗೀತಾ ಅವರು ಬಡಿಸಿ ಒಳಗೆ ಹೋದರು. ಅನ್ನಕ್ಕೆ ಮಜ್ಜಿಗೆಹುಳಿ ಕಲಸಿ ತುತ್ತು ಬಾಯಿಗಿಟ್ಟೆ.

ಸರಿಯಾಗಿತ್ತು. ಹುಳಿ, ಕಾಯಿ, ಬೂದುಗುಂಬಳ, ಉಪ್ಪು ಒಂದನ್ನೊಂದು ತಳ್ಳದೆ ಕೂತಿದ್ದವು. ಸಾರಿಗೆ ಮಾತ್ರ ಒಂದು ಚೂರು ಸಾಲದಾಗಿತ್ತು. ಪಲ್ಯ ಸರಿ, ಗೊಜ್ಜು ಸರಿ. ಇಷ್ಟು ಸರಿಯಾದ ಊಟ ಉಂಡು ನನಗೆ ವರ್ಷದ ಮೇಲಾಗಿತ್ತು. ನನಗೆ ಅಳು ಬಂತು. ಸಂತೋಷಕ್ಕೆ ಮಾತ್ರ ಬಂದದ್ದಲ್ಲ. ಈ ಕೈ ನನ್ನ ಹತ್ತಿರ ಮೊದಲೇ ಇತ್ತಲ್ಲ, ಹತ್ತು ವರ್ಷದ ಹಿಂದೆಯೂ ಇದ್ದಿರಬೇಕಲ್ಲ ಎಂಬ ಸಂಕಟಕ್ಕೂ ಬಂತು. ಎರಡನ್ನೂ ಒಟ್ಟಿಗೆ ನುಂಗಿಕೊಂಡು ಎಲೆಯಲ್ಲಿ ಏನೂ ಬಿಡದೆ ಉಂಡೆ.

ತಿಥಿಯ ಮನೆಯಿಂದ ಹೊರಡುವವರಿಗೆ ಹೋಗಿ ಬನ್ನಿ ಎನ್ನುವ ಪದ್ಧತಿ ಆ ಮನೆಯಲ್ಲಿಲ್ಲ. ಮೂರ್ತಿಗಳು ಕೈ ಮುಗಿದರು, ನಾನೂ ಮುಗಿದೆ. ಗೇಟಿನವರೆಗೆ ಬಂದ ಗೀತಾ ಅವರು ಸಣ್ಣ ದನಿಯಲ್ಲಿ, "ಇವತ್ತು ಏನೂ ಹೇಳೋ ಹಾಗಿಲ್ವಂತೆ. ನಾಳೆ ಫೋನ್ ಮಾಡ್ತೀನಿ" ಎಂದರು. ಮೊದಲಾಗಿದ್ದರೆ ಆ ಫೋನಿಗಾಗಿ ರಾತ್ರಿಯೆಲ್ಲ ನಿದ್ದೆ ಬಿಟ್ಟು ಕೂರುತ್ತಿದ್ದೆ. ಮಾಡಿದರೆ ಸಂತೋಷ, ಮರೆತರೂ ಪರವಾಗಿಲ್ಲ ಎಂದುಕೊಂಡು ಬಸ್‌ಸ್ಟಾಪಿನ ಕಡೆ ನಡೆದೆ.

ವಾಪಸು ಬರುವಾಗ ಬೊಮ್ಮನಹಳ್ಳಿಯ ದಾರಿ ಹಿಡಿದೆ. ಅಲ್ಲಿ ಬಸ್ಸು ಬದಲಿಸಿ ಬಿಟಿಎಂ ಮೇಲೆ ಬನಶಂಕರಿಗೆ. ನಾಲ್ಕು ಗಂಟೆಯ ಬಿಸಿಲು, ಸಿಲ್ಕ್ ಬೋರ್ಡಿನಲ್ಲಿ ಎಂದಿನ ಜಾತ್ರೆ. ಪಕ್ಕದ ಸೀಟಿಗೆ ಬಂದು ಕೂತ ಹುಡುಗಿಯ ಕೊರಳಲ್ಲಿ ಆಫೀಸಿನ ಬ್ಯಾಡ್ಜ್ ನೇತಾಡುತ್ತಿತ್ತು. ಸ್ವಲ್ಪ ಹೊತ್ತು ನನ್ನ ಕಡೆ ನೋಡಿ ನೋಡಿ ಕೊನೆಗೆ ಮಾತಾಡಿದಳು.

"ಆಂಟಿ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಕಡಿಂದ ಒಗ್ಗರಣಿ ವಾಸನಿ ಬರಾಕತ್ತೈತಿ. ನಮ್ಮವ್ವನ ನೆನಪಾತು."

ಬಾಗಲಕೋಟೆಯ ಕಡೆಯವಳಂತೆ. ಬಿಟಿಎಮ್ಮಿನಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆ ರೂಮು. "ನೀವು ಅಡಗಿ ಮಾಡಾವ್ರೇನ್ರಿ?" ಎಂದು ಕೇಳಿದಳು. ಈ ಪ್ರಶ್ನೆಗೆ ನಾನು ಯಾವಾಗಲೂ, ನಮ್ಮತ್ತೆ ಮಾಡುತ್ತಾರೆ, ನಾನು ಜೊತೆಗೆ ಹೋಗುತ್ತೇನೆ ಎನ್ನುತ್ತಿದ್ದೆ. ಹೌದು, ಅಡುಗೆಯವಳು ಎಂದೆ. ಬಾಯಿಂದ ಬಂದ ಮೇಲೆ ಯಾರಾದರೂ ಆಕ್ಷೇಪಿಸಿಯಾರೇನೋ ಎನ್ನುವಂತೆ ಬಸ್ಸಿನ ಸುತ್ತ ಒಮ್ಮೆ ನೋಡಿದೆ.

"ನಾ ಮಾಡೋ ಸಾರು ಒಂದಿನಾನೂ ಛಲೋ ಆಗಂಗಿಲ್ರಿ. ಉಪ್ಪು ಎಷ್ಟು ಹಾಕ್ಬೇಕ್ರಿ?"

"ಹಾಕಿ, ನಾಲಿಗೆ ಮೇಲೆ ಇಟ್ಕೊಂಡು ನೋಡಮ್ಮ. ನಿಂಗೆ ರುಚಿ ನೋಡೋಕೆ ಯಾರೂ ಬೇಡ ಅಂದಿಲ್ವಲ್ಲ."

ಅವಳು ನಕ್ಕಳು. ಅವಳ ಕೈಗೆ ಏನಾದರೂ ತಿನ್ನಲು ಕೊಡುವ ಆಸೆಯಾಯಿತು. ತಿಥಿಯ ಮನೆಯಿಂದ ಏನನ್ನೂ ಕಟ್ಟಿಕೊಂಡು ಬರುವಂತಿಲ್ಲ, ಹಾಗಾಗಿ ನನ್ನ ಚೀಲದಲ್ಲಿ ಈಳಿಗೆಯೂ ಒದ್ದೆ ಸೀರೆಯೂ ಬಿಟ್ಟರೆ ಬೇರೇನಿರಲಿಲ್ಲ. ಅವಳು ಇಳಿಯುವಾಗ, "ಬರ್ತೀನ್ರಿ ಆಂಟಿ" ಎಂದಳು. ಆ ದಿನ ನನಗೆ ಯಾರಾದರೂ ಬರ್ತೀನಿ ಎಂದದ್ದು ಅದೊಂದೇ.

ಬನಶಂಕರಿಯಲ್ಲಿ ಬಸ್ಸು ಬದಲಿಸಿ ಮನೆ ಸೇರುವಾಗ ದೀಪ ಹಚ್ಚಿದ್ದರು. ಅತ್ತೆ ಕಾಯುತ್ತಿದ್ದರು. ಕಾಲು ತೊಳೆದು ಬರುವಷ್ಟರಲ್ಲಿ ನನಗೆ ತಟ್ಟೆ ಹಾಕಿ, ಅನ್ನ ಸಾರು ಬಡಿಸಿ ಎದುರಿಗೆ ಕೂತರು. ಅವರ ಮಂಡಿಗೆ ಏನೂ ಆದಂತೆ ಕಾಣಲಿಲ್ಲ.

"ಏನಾಯ್ತೇ?"

"ಆಯ್ತು."

"ಏನಂದ್ರು?"

"ತಿಥಿ ಊಟಕ್ಕೆ ಯಾರು ಏನಂತಾರೆ ಅತ್ತೆ?"

"ಅವರು ಬಿಡು. ನೀನೇನಂತೀಯ?"

ಇಪ್ಪತ್ತು ವರ್ಷದಲ್ಲಿ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. "ಹುಳಿ ಸರಿಯಾಗಿತ್ತು. ಸಾರಿಗೆ ಒಂಚೂರು ಸಾಲದಾಗಿತ್ತು" ಎಂದೆ. ಅವರು ತಲೆಯಾಡಿಸಿ, ಉಣ್ಣು ಎನ್ನುವಂತೆ ತಟ್ಟೆ ತೋರಿಸಿದರು.

ಸಾರನ್ನ ಬಾಯಿಗಿಟ್ಟೆ. ಎಂದಿನಂತೆಯೇ ಇತ್ತು. ಕೈ ತಾನಾಗಿ ಮಜ್ಜಿಗೆಯ ಪಾತ್ರೆಯ ಕಡೆ ಹೋಯಿತು. ಅದನ್ನು ಅಲ್ಲೇ ನಿಲ್ಲಿಸಿದೆ. ಬೇಗೂರಿನ ಒಲೆಯ ಮುಂದೆ ಆದದ್ದಕ್ಕಿಂತ ಹೆಚ್ಚು ಭಯವಾಯಿತು.

"ಅತ್ತೆ, ಸಾರು ಉಪ್ಪಾಗಿದೆ."

"ಎಷ್ಟು?"

"ಉಣ್ಣೋಕೆ ಆಗದಷ್ಟು."

ಅತ್ತೆ ನನ್ನನ್ನೇ ನೋಡಿದರು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. "ಯಾವತ್ತಿಂದ?" ಎಂದರು.

"ಎರಡು ವರ್ಷದಿಂದ."

"ನಂಗೂ ಹಾಗೇ ಅನುಮಾನ. ನಾಲಿಗೆಗೆ ಏನೂ ತಿಳೀತಿಲ್ಲ ಕಣೇ. ಯಾರಾದ್ರೂ ಒಬ್ಬರು ಹೇಳ್ತಾರೆ, ಯಾರಾದ್ರೂ ಬೈತಾರೆ ಅಂತ ಪ್ರತಿ ಮನೇಲೂ ಬಾಗಿಲ ಹಿಂದೆ ನಿಂತು ಕಾಯ್ತಿದ್ದೆ. ಎಲ್ಲರೂ ತೃಪ್ತಿ ಆಯ್ತು ಅಂತಲೇ ಅಂದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಸುತ್ತಿದ್ದನ್ನು ಬಿಚ್ಚುತ್ತ ಕೂತರು. ಆಮೇಲೆ, "ಹಾಗಾದ್ರೆ ಇನ್ನು ನಾನು ಮಾಡೋದೇನೇ?" ಎಂದು ಕೇಳಿದರು. ಅಷ್ಟು ಸಣ್ಣದಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನನ್ನ ತಟ್ಟೆ ಸರಿಸಿ ಅವರ ಹತ್ತಿರ ಹೋಗಿ ಕೂತೆ.

"ನೀವು ಹೆಚ್ಚಿ ಕೊಡಿ ಅತ್ತೆ" ಎಂದೆ. "ಉಪ್ಪು ನಾನು ಹಾಕ್ತೀನಿ."